ಮಡಿಕೇರಿ ಪೇಟೆಯ ಸರ್ಕಾರಿ ಶಾಲೆಗಳನ್ನು ಹೋಲಿಸಿ ನೋಡುವುದು ಹೇಗೆ? ಗೊತ್ತಿದ್ದವರು ಹೇಳಿ

ಪ್ರಶ್ನೆ: ಮಾದಾಪುರ ಕಡೆಯ ಪೋಷಕ

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳಲ್ಲಿ ಹಳ್ಳಿಯಿಂದ ಮಡಿಕೇರಿ ಪೇಟೆಗೆ ಬಾಡಿಗೆ ಮನೆಗೆ ಬರುತ್ತಿದ್ದೇವೆ. ಮನೆ ಮಹದೇವಪೇಟೆ ಆಸುಪಾಸಿನಲ್ಲಿ ಆಗಬಹುದು. ಮಗಳನ್ನು 1ನೇ ತರಗತಿಗೆ ಸೇರಿಸಬೇಕು. ಮಗ ಈಗ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ 3ನೇ ತರಗತಿ, ಕನ್ನಡ ಮಾಧ್ಯಮ. ಜೂನ್‌ಗೆ 4ಕ್ಕೆ ಹೋಗುತ್ತಾನೆ. ನಡೆದು ಹೋಗುವಷ್ಟು ದೂರದಲ್ಲಿ ಮೂರು ಸರ್ಕಾರಿ ಶಾಲೆಗಳಿವೆ. ಒಂದು 1ರಿಂದ 5ರವರೆಗಿನ ಚಿಕ್ಕ ಶಾಲೆ. ಎರಡನೆಯದು 1ರಿಂದ 7. ಮೂರನೆಯದರಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಇದೆ, ತುಂಬಾ ಜನ ಅಲ್ಲಿಗೇ ಹೋಗುತ್ತಾರಂತೆ. ಯಾವ ಶಾಲೆ ಒಳ್ಳೆಯದು ಎಂದು ಹೆಸರು ಹೇಳುವುದು ಬೇಡ. ಏನು ನೋಡಬೇಕು, ಯಾರನ್ನು ಏನು ಕೇಳಬೇಕು ಎಂದು ಹೇಳಿದರೆ ಸಾಕು. ಈಗ ಆಗಸ್ಟ್, ಕೈಯಲ್ಲಿ ಸಮಯ ಇದೆ.

ನಿವೃತ್ತ ಮುಖ್ಯ ಶಿಕ್ಷಕಿ

ಕಟ್ಟಡದ ಬಣ್ಣ, ಗೇಟು, ಸ್ಮಾರ್ಟ್ ಕ್ಲಾಸ್ ಬೋರ್ಡು ಇವನ್ನೆಲ್ಲ ಆಮೇಲೆ ನೋಡಿದರಾಯಿತು. ಮೊದಲು ಮೂರು ಸಂಖ್ಯೆ ತಿಳಿದುಕೊಳ್ಳಿ: ಎಷ್ಟು ತರಗತಿ, ಎಷ್ಟು ಮಕ್ಕಳು, ದಿನಾ ತರಗತಿಯಲ್ಲಿ ನಿಲ್ಲುವ ಶಿಕ್ಷಕರು ಎಷ್ಟು ಜನ.

ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಅನುಸೂಚಿಯಂತೆ 1ರಿಂದ 5ರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. 150 ದಾಟಿದರೆ ಐವರ ಜೊತೆಗೆ ಮುಖ್ಯ ಶಿಕ್ಷಕರು ಬೇರೆ. ಅಂದರೆ 45 ಮಕ್ಕಳ ಶಾಲೆಯಲ್ಲಿ ಐದು ತರಗತಿಗೆ ಇಬ್ಬರೇ. ಒಬ್ಬರು 1ರಿಂದ 3ರ ನಲಿಕಲಿ (ಮೂರೂ ತರಗತಿಯವರು ಒಟ್ಟಿಗೆ ಕೂತು ಕಾರ್ಡುಗಳ ಮೂಲಕ ಕಲಿಯುವ ಪದ್ಧತಿ), ಇನ್ನೊಬ್ಬರು 4 ಮತ್ತು 5. ಇದು ಚೆನ್ನಾಗಿಯೇ ನಡೆಯಬಹುದು. ಆದರೆ ಒಬ್ಬರು ತರಬೇತಿಗೋ ಬಿಎಲ್‌ಒ (ಮತದಾರರ ಪಟ್ಟಿಯ) ಕೆಲಸಕ್ಕೋ ರಜೆಗೋ ಹೋದ ದಿನ ಐದೂ ತರಗತಿ ಉಳಿದ ಒಬ್ಬರ ಮೇಲೆ ಬೀಳುತ್ತದೆ. ಆ ದಿನ ಪಾಠ ಆಗುವುದಿಲ್ಲ, ಮಕ್ಕಳನ್ನು ನೋಡಿಕೊಳ್ಳುವುದಷ್ಟೇ ಆಗುತ್ತದೆ. ಇಂಥ ದಿನ ತಿಂಗಳಿಗೆ ಎಷ್ಟು ಬರುತ್ತದೆ, ಆಗ ಯಾರು ಬರುತ್ತಾರೆ ಎಂದು ಮುಖ್ಯ ಶಿಕ್ಷಕರನ್ನೇ ಕೇಳಿ. ಬೇಸರ ಮಾಡಿಕೊಳ್ಳುವ ಪ್ರಶ್ನೆ ಅಲ್ಲ ಅದು. ಎಷ್ಟೋ ಮುಖ್ಯ ಶಿಕ್ಷಕರು ಯಾರಾದರೂ ಇದನ್ನು ಕೇಳಲಿ ಎಂದೇ ಕಾಯುತ್ತಿರುತ್ತಾರೆ.

ಮಕ್ಕಳ ಸಂಖ್ಯೆ 60, 90, 120ರ ಅಂಚಿನಲ್ಲಿದೆಯೇ ಎಂದೂ ಗಮನಿಸಿ. 63 ಮಕ್ಕಳಿರುವ ಶಾಲೆಯಿಂದ ನಾಲ್ಕು ಮಕ್ಕಳು ಟಿ.ಸಿ. ತೆಗೆದುಕೊಂಡು ಹೋದರೆ ಮೂರನೆಯ ಶಿಕ್ಷಕರು ಹೆಚ್ಚುವರಿ ಪಟ್ಟಿಗೆ ಸೇರಬಹುದು, ಮುಂದಿನ ಮರುಹೊಂದಾಣಿಕೆಯಲ್ಲಿ ಬೇರೆ ಕಡೆ ಹೋಗಬಹುದು.

ಇನ್ನೊಂದು ವಿಷಯ ನಿಯೋಜನೆ. ಕಾಗದದಲ್ಲಿ ಐದು ಹೆಸರು ಇರುತ್ತದೆ. ಒಬ್ಬರು ಬೇರೆ ಶಾಲೆಗೆ ನಿಯೋಜನೆ ಮೇಲೆ ಹೋಗಿರುತ್ತಾರೆ, ಒಬ್ಬರು ಹೆರಿಗೆ ರಜೆಯಲ್ಲಿರುತ್ತಾರೆ. ಆದ್ದರಿಂದ ‘ಎಷ್ಟು ಹುದ್ದೆ’ ಎಂದು ಕೇಳಬೇಡಿ, ‘ಈ ವಾರ ಪಾಠ ಮಾಡುತ್ತಿರುವವರು ಎಷ್ಟು ಜನ, ಅದರಲ್ಲಿ ಅತಿಥಿ ಶಿಕ್ಷಕರು ಎಷ್ಟು’ ಎಂದು ಕೇಳಿ. ಅತಿಥಿ ಶಿಕ್ಷಕರಲ್ಲಿ ಬಹಳ ಒಳ್ಳೆಯ ಪಾಠ ಮಾಡುವವರು ಇದ್ದಾರೆ. ತೊಂದರೆ ಇರುವುದು ಅವರು ಬರುವ ಕಾಲದಲ್ಲಿ. ಶಾಲೆ ಮೇ ಕೊನೆಗೆ ತೆರೆಯುತ್ತದೆ, ಇವರ ನೇಮಕದ ಆದೇಶ ಆಮೇಲೆ ಬರುತ್ತದೆ, ಅಷ್ಟರಲ್ಲಿ ಕೊಡಗಿನಲ್ಲಿ ಮಳೆ ರಜೆ ಶುರುವಾಗಿರುತ್ತದೆ. ಕಳೆದ ಸಾಲಿನಲ್ಲಿ ಅವರು ಯಾವ ತಿಂಗಳು ಬಂದು ಸೇರಿದರು ಎಂದು ಕೇಳಿ.

ಎಸ್‌ಡಿಎಂಸಿ ಸದಸ್ಯ

ನಾನು ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ ಇದ್ದೇನೆ. ಟೀಚರ್ ಹೇಳಿದ್ದು ಸರಿಯಾಗಿದೆ. ಅದರ ಜೊತೆಗೆ, ಆಗಸ್ಟ್ ಇರುವಾಗಲೇ ಬಂದು ಒಂದು ಸಾರಿ ನೋಡಿಕೊಂಡು ಹೋಗಿ ಅಣ್ಣ. ಏಪ್ರಿಲ್‌ನಲ್ಲಿ ನೋಡಿದರೆ ಮಡಿಕೇರಿಯ ಎಲ್ಲ ಶಾಲೆಯೂ ಚೆನ್ನಾಗಿಯೇ ಕಾಣುತ್ತದೆ. ಶಾಲೆಯ ನಿಜವಾದ ಸ್ಥಿತಿ ಗೊತ್ತಾಗುವುದು ಜೋರು ಮಳೆ ಬಿದ್ದ ಮಾರನೇ ದಿನ.

ಮೊದಲು ಹಿಂದುಗಡೆ ಹೋಗಿ ಬರೆ (ಗುಡ್ಡ ಕಡಿದ ಮಣ್ಣಿನ ಬದಿ) ನೋಡಿ. ಇಲ್ಲಿ ಸುಮಾರು ಕಟ್ಟಡಗಳು ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿವೆ. 2018ರ ಆಗಸ್ಟ್ ತಿಂಗಳ ಭೂಕುಸಿತದ ನಂತರ ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಬರೆಯ ತಲೆಯ ಮೇಲೆ ಉದ್ದುದ್ದ ಬಿರುಕು, ಬುಡದಲ್ಲಿ ಹೊಸ ಒರತೆ, ಕಟ್ಟಡದ ಕಡೆ ವಾಲಿದ ಮರ, ಈ ಮೂರರಲ್ಲಿ ಒಂದಿದ್ದರೂ ಆ ಕಡೆಯ ಕೋಣೆಯಲ್ಲಿ ಮಕ್ಕಳು ಕೂರುತ್ತಾರಾ ಎಂದು ಕೇಳಿ. ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಗೆ ಬರಲು ಬಿಟ್ಟ ತೂತುಗಳಿರುತ್ತವೆ. ಮಳೆಗಾಲದಲ್ಲಿ ಆ ತೂತಿನಿಂದ ನೀರು ಸುರಿಯುತ್ತಿದ್ದರೆ ಗೋಡೆ ತನ್ನ ಕೆಲಸ ಮಾಡುತ್ತಿದೆ. ತೂತು ಒಣಗಿದ್ದು ಗೋಡೆ ಮುಂದಕ್ಕೆ ಉಬ್ಬಿದ್ದರೆ ತೂತು ಮಣ್ಣಲ್ಲಿ ಮುಚ್ಚಿಕೊಂಡಿದೆ, ನೀರಿನ ಭಾರ ಪೂರ್ತಿ ಗೋಡೆಯ ಮೇಲಿದೆ ಎಂದೇ ತಿಳಿಯಿರಿ.

ಆಮೇಲೆ ಒಳಗೆ. ಹೆಂಚಿನ ಮಾಡಾದರೆ ಎಲ್ಲಿ ಬಕೆಟ್ ಇಟ್ಟಿದ್ದಾರೆ ನೋಡಿ. ತಾರಸಿಯಾದರೆ ಗೋಡೆಯ ಮೇಲಿನ ಅಂಚಿನಲ್ಲಿ ಹಸಿ ಕಲೆ, ಸ್ವಿಚ್ ಬೋರ್ಡಿನ ಹತ್ತಿರ ತೇವ ಇದೆಯಾ ನೋಡಿ. ಕರೆಂಟ್ ಇಲ್ಲದ ದಿನ ಮಧ್ಯಾಹ್ನ ಎರಡು ಗಂಟೆಗೆ ಕೋಣೆಯಲ್ಲಿ ಕರಿಹಲಗೆಯ ಅಕ್ಷರ ಕಾಣುತ್ತದಾ? ಜುಲೈನಲ್ಲಿ ಕರೆಂಟ್ ಹೋದರೆ ಸ್ಮಾರ್ಟ್ ಕ್ಲಾಸಿಗಿಂತ ದೊಡ್ಡ ಕಿಟಕಿ ಉಪಯೋಗಕ್ಕೆ ಬರುತ್ತದೆ. ಮಕ್ಕಳು ಕೊಡೆ, ರೇನ್‌ಕೋಟ್ ಎಲ್ಲಿ ಇಡುತ್ತಾರೆ ಎಂದೂ ನೋಡಿ. ಜಗಲಿಯಲ್ಲಿ ಹಗ್ಗವೋ ಗೂಟವೋ ಇದ್ದರೆ ಯಾರೋ ಯೋಚನೆ ಮಾಡಿದ್ದಾರೆ. ಇಲ್ಲದಿದ್ದರೆ ಒದ್ದೆ ರೇನ್‌ಕೋಟ್ ತರಗತಿಯ ಒಳಗೇ, ನೆಲವೆಲ್ಲ ನೀರು, ಚಿಕ್ಕವರು ಇಡೀ ದಿನ ಒದ್ದೆ ಕಾಲಲ್ಲಿ.

ಶೌಚಾಲಯದಲ್ಲಿ ನಲ್ಲಿ ತಿರುಗಿಸಿ ನೋಡಿ, ಹೊರಗಿನಿಂದ ನೋಡಿ ಬರಬೇಡಿ. ಬೀಗ ಹಾಕಿದ್ದರೆ ಕೀ ಯಾರ ಹತ್ತಿರ ಎಂದು ಕೇಳಿ. ಹೆಣ್ಣು ಮಕ್ಕಳದ್ದಕ್ಕೆ ಒಳಗಿನಿಂದ ಚಿಲಕ ಬೀಳುತ್ತದಾ ನೋಡಿ.

ಅಡುಗೆ ಲೆಕ್ಕ ಗೊತ್ತಿರುವವರು

ಮಧ್ಯಾಹ್ನದ ಊಟದ ಹೊತ್ತಿಗೆ ಹೋದರೆ ಶಾಲೆಯ ಶಿಸ್ತು ಒಂದೇ ನೋಟಕ್ಕೆ ತಿಳಿಯುತ್ತದೆ. ಲೆಕ್ಕ ಹೀಗಿದೆ: 1ರಿಂದ 5ರ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ರಿಂದ 8ಕ್ಕೆ 150, 30, 75 ಗ್ರಾಂ. ಹಾಲು 150 ಮಿ.ಲೀ., ಅದಕ್ಕೆ ಕೆನೆಭರಿತ ಹಾಲಿನ ಪುಡಿ 18 ಗ್ರಾಂ. ಮೊಟ್ಟೆ ಇದೆ, ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಸಾಂಬಾರಿನಲ್ಲಿ ತರಕಾರಿ ಕಾಣದಿದ್ದರೆ ಅಥವಾ ಹಾಲು ನೀರಾಗಿದ್ದರೆ ಕೇಳುವ ಹಕ್ಕು ನಿಮಗಿದೆ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕದಲ್ಲಿ ಒಂದು ತಿಂಗಳ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ಸಲಕ್ಕೆ ಹಾಕಿದ ಹಾಗೆ ಕಂಡರೆ ಅರ್ಥ ಮಾಡಿಕೊಳ್ಳಿ.

ಕುಡಿಯುವ ನೀರನ್ನು ಮರೆಯಬೇಡಿ. ಮಳೆಗಾಲದಲ್ಲಿ ನಲ್ಲಿಯಲ್ಲಿ ಕೆಂಪು ನೀರು ಬರುವ ದಿನಗಳಿರುತ್ತವೆ. ಫಿಲ್ಟರ್ ಇದ್ದರೆ ಅದರ ಕ್ಯಾಂಡಲ್ ಯಾವಾಗ ಬದಲಿಸಿದ್ದು, ಇಲ್ಲದಿದ್ದರೆ ನೀರು ಕುದಿಸುತ್ತಾರಾ ಎಂದು ಅಡುಗೆಯ ಅಕ್ಕಂದಿರನ್ನೇ ಕೇಳಿ. ಅವರು ನೇರವಾಗಿ ಹೇಳುತ್ತಾರೆ.

ನಲಿಕಲಿ ಶಿಕ್ಷಕ

ಮಗಳ 1ನೇ ತರಗತಿಯ ವಿಷಯಕ್ಕೆ ಬರುತ್ತೇನೆ. ಮೊದಲು ವಯಸ್ಸು. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ನಿಯಮ. 2025-26ರ ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಆ ಸಡಿಲಿಕೆಯನ್ನು ನಂಬಿಕೊಂಡು ಕೂರಬೇಡಿ. ಎರಡು ವಾರ ಕಡಿಮೆ ಇದ್ದರೂ ಎಸ್‌ಎಟಿಎಸ್ (ಇಲಾಖೆಯ ವಿದ್ಯಾರ್ಥಿ ದಾಖಲೆಯ) ತಂತ್ರಾಂಶ ನಮೂದು ತೆಗೆದುಕೊಳ್ಳುವುದಿಲ್ಲ, ಮುಖ್ಯ ಶಿಕ್ಷಕರು ಏನೂ ಮಾಡಲಾಗುವುದಿಲ್ಲ.

ನಲಿಕಲಿ ಕೋಣೆಯಲ್ಲಿ 1, 2, 3ರ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗಳಾಗಿ ಕೂರುತ್ತಾರೆ. ಹೊಸಬರಿಗೆ ಇದು ಗಲಾಟೆ ಎಂದು ಕಾಣುತ್ತದೆ, ಅದರಲ್ಲಿ ತಪ್ಪಿಲ್ಲ. ನೋಡಬೇಕಾದದ್ದು ಬೇರೆ. ಗೋಡೆಯಲ್ಲಿ ಕಲಿಕಾ ಏಣಿ ಇರುತ್ತದೆ, ಪಕ್ಕದಲ್ಲಿ ಪ್ರಗತಿ ನೋಟ. ಅದರಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಯಾವ ಮೈಲಿಗಲ್ಲು ಎಂದು ಗುರುತು ಇರುತ್ತದೆ. ಮಕ್ಕಳು ಬೇರೆ ಬೇರೆ ಮೆಟ್ಟಿಲಲ್ಲಿದ್ದರೆ ಪದ್ಧತಿ ನಡೆಯುತ್ತಿದೆ. ಎಲ್ಲ ಮಕ್ಕಳೂ ಒಂದೇ ಮೆಟ್ಟಿಲಲ್ಲಿದ್ದರೆ, ಅಥವಾ ಗುರುತು ಜೂನ್ ತಿಂಗಳಲ್ಲೇ ನಿಂತಿದ್ದರೆ, ಕಾರ್ಡುಗಳು ಕಪಾಟಿನಲ್ಲಿವೆ, ಪಾಠ ಹಳೇ ಕ್ರಮದಲ್ಲಿ ಬೋರ್ಡಿನ ಮೇಲೆ ನಡೆಯುತ್ತಿದೆ. ಕಾರ್ಡಿನ ಅಂಚು ಸವೆದಿರಬೇಕು. ಹೊಸದರಂತೆ ಹೊಳೆಯುವ ಕಾರ್ಡು ಒಳ್ಳೆಯ ಲಕ್ಷಣ ಅಲ್ಲ. ಮೇಲೆ ಚಪ್ಪರದಲ್ಲಿ ತೂಗು ಹಾಕಿದ ಮಕ್ಕಳ ಕೆಲಸ ಯಾವ ತಿಂಗಳದ್ದು ಎಂದೂ ನೋಡಿ.

ನಲಿಕಲಿ ಕೈಕೊಡುವುದು ಎರಡು ಕಾರಣಕ್ಕೆ. ಒಬ್ಬರೇ ಶಿಕ್ಷಕರ ಮುಂದೆ ಮಕ್ಕಳು 30 ದಾಟಿದರೆ ಎಲ್ಲ ಗುಂಪುಗಳಿಗೂ ಸುತ್ತು ಬರಲು ಆಗುವುದಿಲ್ಲ. ಇನ್ನೊಂದು ಹಾಜರಾತಿ. ಡಿಸೆಂಬರ್‌ನಿಂದ ಕಾಫಿ ಕೊಯ್ಲಿಗೆ ಅಪ್ಪ ಅಮ್ಮ ಬೇರೆ ತೋಟದ ಲೈನ್ ಮನೆಗೆ ಹೋದರೆ ಮಕ್ಕಳೂ ಹೋಗುತ್ತಾರೆ, ಫೆಬ್ರವರಿಯಲ್ಲಿ ತಿರುಗಿ ಬರುತ್ತಾರೆ. ಆ ಮಕ್ಕಳು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಲಿ ಎಂಬುದೇ ನಲಿಕಲಿಯ ಉದ್ದೇಶ. ಅದನ್ನು ಮಾಡುವ ಶಿಕ್ಷಕರು ಇದ್ದಾರಾ ಎಂದು ತಿಳಿಯಬೇಕಾದರೆ, ತಡವಾಗಿ ಸೇರಿದ ಮಗುವಿಗೆ ಏನು ಮಾಡುತ್ತೀರಿ ಎಂದು ಕೇಳಿ. ಉತ್ತರದಲ್ಲಿ ಒಂದು ನಿರ್ದಿಷ್ಟ ಮಗುವಿನ ಉದಾಹರಣೆ ಬಂದರೆ ಆ ಶಾಲೆಯನ್ನು ನಂಬಬಹುದು.

ಮನೆಮಾತಿನ ಬಗ್ಗೆಯೂ ಒಂದು ಮಾತು. ಇಲ್ಲಿ ಒಂದು ತರಗತಿಯಲ್ಲೇ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಉರ್ದು, ಯರವ ಮಾತಾಡುವ ಮಕ್ಕಳಿರುತ್ತಾರೆ. ಈಗ ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರ ಮಕ್ಕಳೂ ಇದ್ದಾರೆ. ಇದಕ್ಕೆ ಹೆದರಿ ಶಾಲೆ ಬಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಆಟದ ಮೈದಾನದಲ್ಲಿ ಮೂರು ತಿಂಗಳಲ್ಲಿ ಎಲ್ಲರೂ ಕನ್ನಡ ಕಲಿಯುತ್ತಾರೆ.

ತಾಳೆ ನೋಡುವವರು

ಮನೆಯಲ್ಲೇ ಕೂತು ನೋಡಬಹುದಾದ್ದು ಶಾಲೆಗಳ ಅಂಕಿಅಂಶ ಇರುವ ಸರ್ಕಾರಿ ಜಾಲತಾಣ ಯುಡೈಸ್ ಪ್ಲಸ್‌ನ ‘ನೋ ಯುವರ್ ಸ್ಕೂಲ್’ ಪುಟ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇದೆ, ಕರ್ನಾಟಕದ್ದು 29ರಿಂದ ಶುರು. ಶಾಲೆಯ ನಾಮಫಲಕದಲ್ಲೇ ಬರೆದಿರುತ್ತಾರೆ. ರಿಪೋರ್ಟ್ ಕಾರ್ಡ್ ತೆಗೆದರೆ ಮಕ್ಕಳು, ಶಿಕ್ಷಕರು, ಕೊಠಡಿಗಳ ಸ್ಥಿತಿ, ಶೌಚಾಲಯ, ಗ್ರಂಥಾಲಯ ಎಲ್ಲ ಬರುತ್ತದೆ. ಒಂದೇ ವರ್ಷ ನೋಡಬೇಡಿ, ಸಿಗುವಷ್ಟು ಹಿಂದಿನ ವರ್ಷಗಳದ್ದೂ ನೋಡಿ. ಒಟ್ಟು ಸಂಖ್ಯೆಗಿಂತ 1ನೇ ತರಗತಿಯ ಸಂಖ್ಯೆ ಮುಖ್ಯ. 7ರಲ್ಲಿ 22, 1ರಲ್ಲಿ 6 ಮಕ್ಕಳಿದ್ದರೆ ಐದು ವರ್ಷದಲ್ಲಿ ಆ ಶಾಲೆ ಎಲ್ಲಿಗೆ ಬರುತ್ತದೆ ಎಂದು ಲೆಕ್ಕ ಹಾಕುವುದು ಕಷ್ಟವಲ್ಲ.

ಅಲ್ಲಿ ಸಿಗುವುದು ಹಿಂದಿನ ಸಾಲಿನ ಲೆಕ್ಕ, ಶಾಲೆಯವರೇ ತುಂಬಿದ್ದು. ‘ಶೌಚಾಲಯ 4’ ಎಂದಿದ್ದರೆ ನಾಲ್ಕು ಇದೆ ಎಂದಷ್ಟೇ ಅರ್ಥ, ನಾಲ್ಕರಲ್ಲೂ ನೀರಿದೆ ಎಂದಲ್ಲ. ಹಾಗಾಗಿ ಅದನ್ನು ಕೈಯಲ್ಲಿ ಹಿಡಿದುಕೊಂಡು ಶಾಲೆಗೆ ಹೋಗಿ ತಾಳೆ ನೋಡಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ. ಪುಟದಲ್ಲಿ ನೋಡಿ, ಶಾಲೆಗಳಿಗೂ ಹೋಗಿ ಕೇಳಿದೆ. ಚಿಕ್ಕ ಶಾಲೆ: 1ರಿಂದ 5, 38 ಮಕ್ಕಳು, ಇಬ್ಬರು ಕಾಯಂ ಶಿಕ್ಷಕರು. ಎರಡನೆಯದು: 1ರಿಂದ 7, 118 ಮಕ್ಕಳು, ಕಾಯಂ ನಾಲ್ವರು, ಅತಿಥಿ ಒಬ್ಬರು. ಮೂರನೆಯದು: 240 ಮಕ್ಕಳು, ಕನ್ನಡ ಮತ್ತು ಇಂಗ್ಲಿಷ್ ವಿಭಾಗ ಸೇರಿ ಎಂಟು ಜನ, ಅದರಲ್ಲಿ ಅತಿಥಿ ಮೂವರು. 1ನೇ ತರಗತಿಯ ಇಂಗ್ಲಿಷ್ ವಿಭಾಗದಲ್ಲಿ 36 ಮಕ್ಕಳು. ಮಗನನ್ನೂ ಇಂಗ್ಲಿಷ್ ವಿಭಾಗಕ್ಕೆ ಹಾಕುವುದು ಒಳ್ಳೆಯದಾ?

ನಿವೃತ್ತ ಮುಖ್ಯ ಶಿಕ್ಷಕಿ

ಭಾಗಿಸಿ ನೋಡಿದರೆ ಚಿಕ್ಕದರಲ್ಲಿ 19ಕ್ಕೆ ಒಬ್ಬರು, ಎರಡನೆಯದರಲ್ಲಿ 24ಕ್ಕೆ ಒಬ್ಬರು, ಮೂರನೆಯದರಲ್ಲಿ 30ಕ್ಕೆ ಒಬ್ಬರು. ಇದನ್ನು ನೋಡಿ ಚಿಕ್ಕ ಶಾಲೆಯೇ ಒಳ್ಳೆಯದು ಎಂದುಕೊಳ್ಳುತ್ತಾರೆ. ಆದರೆ ಒಬ್ಬ ಶಿಕ್ಷಕರಿಗೆ ಎಷ್ಟು ತರಗತಿ ಎಂಬ ಲೆಕ್ಕವೂ ಬೇಕಲ್ಲ. ಚಿಕ್ಕದರಲ್ಲಿ ಇಬ್ಬರಿಗೆ ಐದು ತರಗತಿ. ಎರಡನೆಯದರಲ್ಲಿ ಏಳು ತರಗತಿ, ಐವರು. 1ರಿಂದ 3 ಒಬ್ಬರಿಗೆ ಕೊಟ್ಟರೆ 4ರಿಂದ 7ಕ್ಕೆ ನಾಲ್ವರು ಸಿಗುತ್ತಾರೆ, ತರಗತಿಗೆ ಒಬ್ಬರಂತೆ. ಆದರೆ 1ರಿಂದ 3ರಲ್ಲಿ ಮಕ್ಕಳು 30ಕ್ಕಿಂತ ಹೆಚ್ಚಿದ್ದರೆ ಆ ಒಬ್ಬರಿಗೆ ಹೊರೆ, ಅದನ್ನು ಕೇಳಿ. ಮೂರನೆಯದರಲ್ಲಿ ಎರಡು ಮಾಧ್ಯಮ ಇರುವುದರಿಂದ ತರಗತಿಗಳು ಎರಡು ಪಟ್ಟು. ಎಂಟು ಜನ ಹೆಚ್ಚು ಎನಿಸುತ್ತದೆ, ಹಂಚಿದರೆ ಸಾಲುವುದಿಲ್ಲ. 36 ಮಕ್ಕಳ 1ನೇ ತರಗತಿ ಅಂದರೆ ಆರು ವರ್ಷದ ಮಗುವಿಗೆ ದೊಡ್ಡ ಗುಂಪೇ.

ನನ್ನ ಅಭಿಪ್ರಾಯ ಕೇಳಿದರೆ, ಎರಡನೆಯ ಶಾಲೆಯಲ್ಲಿ ಕಾಯಂ ನಾಲ್ವರಲ್ಲಿ ಯಾರೂ ನಿಯೋಜನೆ ಮೇಲೆ ಹೊರಗೆ ಇಲ್ಲದಿದ್ದರೆ, ಅದರ ಹಿಂದಿನ ಬರೆಯೂ ಸರಿಯಿದ್ದರೆ, ಮೊದಲು ಅದನ್ನೇ ಗಟ್ಟಿಯಾಗಿ ಯೋಚಿಸಿ.

ಚಿಕ್ಕ ಶಾಲೆಯ ಪರ ಇರುವವರು

ಟೀಚರ್ ಮಾತಿಗೆ ಗೌರವ ಕೊಟ್ಟೇ ಹೇಳುತ್ತೇನೆ, ಚಿಕ್ಕ ಶಾಲೆಯನ್ನು ಇಷ್ಟು ಬೇಗ ಬಿಡಬೇಡಿ. 38 ಮಕ್ಕಳಲ್ಲಿ ಯಾವ ಮಗು ಓದುತ್ತಿಲ್ಲ ಎಂದು ಇಬ್ಬರೂ ಶಿಕ್ಷಕರಿಗೆ ಹೆಸರು ಸಮೇತ ಗೊತ್ತಿರುತ್ತದೆ. ನೋಟ್‌ಬುಕ್ ತಿದ್ದುವುದು ದಿನಾ ಆಗುತ್ತದೆ. ಮೂರು ಶಾಲೆಯಲ್ಲೂ 4ನೇ ತರಗತಿಯ ಗಣಿತದ ನೋಟ್‌ಬುಕ್ ಎರಡು ಮೂರು ತೆಗೆದು ನೋಡಿ. ತಾರೀಕು ಇದೆಯಾ, ತಪ್ಪಿಗೆ ಕೆಂಪು ಗೀಟು ಹಾಕಿ ಬಿಟ್ಟಿದ್ದಾರಾ ಅಥವಾ ಮಗು ಅದೇ ಲೆಕ್ಕವನ್ನು ಪುನಃ ಮಾಡಿದೆಯಾ? ಎಲ್ಲ ಮಕ್ಕಳ ನೋಟ್‌ಬುಕ್ಕಲ್ಲೂ ಒಂದೇ ಉತ್ತರ, ಒಂದೇ ತಪ್ಪು ಇದ್ದರೆ ಬೋರ್ಡಿನಿಂದ ಇಳಿಸಿಕೊಂಡದ್ದು. ಈ ಪರೀಕ್ಷೆಯಲ್ಲಿ ಚಿಕ್ಕ ಶಾಲೆಗಳು ಗೆಲ್ಲುವುದು ಅಪರೂಪವಲ್ಲ. ಮಗಳಿಗೆ ಐದು ವರ್ಷಕ್ಕೆ ಅದು ಬಹಳ ಒಳ್ಳೆಯ ಜಾಗ ಆಗಬಹುದು. ಮಗನ ವಿಷಯ ಬೇರೆ, ಎರಡು ವರ್ಷಕ್ಕೆ ಪುನಃ ಶಾಲೆ ಬದಲಿಸಬೇಕಾಗುತ್ತದೆ.

ಪ್ರೌಢಶಾಲಾ ಶಿಕ್ಷಕ

ಮಾಧ್ಯಮದ ಪ್ರಶ್ನೆಗೆ. ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದ ಇಂಗ್ಲಿಷ್ ವಿಭಾಗ ಶುರುವಾದದ್ದು 2019-20ರಲ್ಲಿ, ಮೊದಲ ಸುತ್ತಿನಲ್ಲಿ 1,000 ಶಾಲೆಗಳಲ್ಲಿ. ಗಣಿತದಂಥ ವಿಷಯಗಳಿಗೆ ದ್ವಿಭಾಷಾ ಪುಸ್ತಕ ಕೊಡುತ್ತಾರೆ, ಕನ್ನಡ ಇಂಗ್ಲಿಷ್ ಎರಡೂ ಇರುತ್ತದೆ. ಮಗಳು 1ರಿಂದಲೇ ಸೇರುವುದಾದರೆ ಯೋಚಿಸಬಹುದು. ಮಗ ಮೂರು ವರ್ಷ ಕನ್ನಡದಲ್ಲಿ ಕಲಿತು 4ರಲ್ಲಿ ಹಾರಿದರೆ ಮೊದಲು ಕೈಕೊಡುವುದು ಪರಿಸರ ಅಧ್ಯಯನ ಮತ್ತು ಗಣಿತದ ಮಾತಿನ ಲೆಕ್ಕ. ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ. ಅವನಿಗೆ ಕನ್ನಡ ವಿಭಾಗವೇ ಇರಲಿ, ಇಂಗ್ಲಿಷನ್ನು ಭಾಷೆಯಾಗಿ ಗಟ್ಟಿ ಮಾಡಿ.

ಇಂಗ್ಲಿಷ್ ವಿಭಾಗ ಆರಿಸುವ ಮೊದಲು ಆ ವಿಭಾಗ ಎಷ್ಟನೇ ತರಗತಿ ತನಕ ಬಂದಿದೆ, 8ಕ್ಕೆ ಹೋಗುವ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ 8ರಲ್ಲಿ ಮಗು ಪುನಃ ಕನ್ನಡಕ್ಕೆ ತಿರುಗಬೇಕು, ಇಲ್ಲವೇ ನೀವು ಖಾಸಗಿ ಶುಲ್ಕ ಕಟ್ಟಬೇಕು.

ಮೀಸಲಾತಿಯ ಲೆಕ್ಕ ಬಹಳ ಪೋಷಕರಿಗೆ ಗೊತ್ತಾಗುವುದು ಪಿಯುಸಿ ಮುಗಿದ ಮೇಲೆ. 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ (ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆ) 5% ಸೀಟು, ರಾಜ್ಯ ಸರ್ಕಾರಿ ನೇಮಕಾತಿಯಲ್ಲೂ 5%. ಗ್ರಾಮೀಣ ಪ್ರದೇಶದಲ್ಲಿ 1ರಿಂದ 10 ಓದಿದವರಿಗೆ ಸಿಇಟಿಯಲ್ಲಿ 15%, ನೇಮಕಾತಿಯಲ್ಲಿ 25%. ಹತ್ತೂ ವರ್ಷ ಬೇಕು. ಮಡಿಕೇರಿ ನಗರಸಭೆ ವ್ಯಾಪ್ತಿಯ ಶಾಲೆಗೆ ಬಂದರೆ ಗ್ರಾಮೀಣ ಅವಕಾಶ ಇಬ್ಬರಿಗೂ ಹೋಯಿತು. ಕನ್ನಡ ಮಾಧ್ಯಮದ್ದು ಮಗನಿಗೆ ಇನ್ನೂ ಇದೆ, ಇಂಗ್ಲಿಷ್ ವಿಭಾಗಕ್ಕೆ ಸೇರಿಸಿದ ದಿನ ಅದೂ ಹೋಗುತ್ತದೆ.

ನವೋದಯ ತರಬೇತಿ ಕೊಡುವವರು

ಅಣ್ಣ, ಮಗನನ್ನು ಗಾಳಿಬೀಡಿನ ಜವಾಹರ ನವೋದಯಕ್ಕೆ (ಕೇಂದ್ರ ಸರ್ಕಾರದ ವಸತಿ ಶಾಲೆ) ಬರೆಸುವ ಯೋಚನೆ ಇದ್ದರೆ ಇದನ್ನು ಓದಿಯೇ ಮುಂದೆ ಹೋಗಿ. 6ನೇ ತರಗತಿಯ 80 ಸೀಟಿನಲ್ಲಿ ಕನಿಷ್ಠ 75% ಗ್ರಾಮೀಣ ಮಕ್ಕಳಿಗೆ. ಗ್ರಾಮೀಣ ಎನ್ನಿಸಿಕೊಳ್ಳಲು 3, 4, 5 ಈ ಮೂರೂ ತರಗತಿಯನ್ನು ಪೂರ್ತಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷದಲ್ಲಿ ಒಂದೇ ದಿನ ನಗರದ ಶಾಲೆಯಲ್ಲಿದ್ದರೂ ನಗರದ ಅಭ್ಯರ್ಥಿ ಎಂದೇ ಲೆಕ್ಕ. ಅವನು 3ನ್ನು ಹಳ್ಳಿಯಲ್ಲಿ ಮುಗಿಸುತ್ತಿದ್ದಾನೆ. 4ಕ್ಕೆ ಪೇಟೆಗೆ ಬಂದರೆ ಉಳಿದ 25%ರಲ್ಲಿ ಸ್ಪರ್ಧಿಸಬೇಕು.

ದಾರಿ ಇಲ್ಲದಿಲ್ಲ. ಮನೆ ಪೇಟೆಯಲ್ಲಿದ್ದರೂ ಶಾಲೆ ನಗರಸಭೆ ಗಡಿಯ ಹೊರಗಿನ ಗ್ರಾಮ ಪಂಚಾಯಿತಿಯದ್ದಾದರೆ ಲೆಕ್ಕಕ್ಕೆ ಬರುವುದು ಶಾಲೆಯ ಜಾಗ. ಮಡಿಕೇರಿಯಿಂದ ಹೊರಟರೆ ನಾಲ್ಕೈದು ಕಿಲೋಮೀಟರಿನೊಳಗೆ ಪಂಚಾಯಿತಿ ಶಾಲೆ ಸಿಗುತ್ತದೆ. ಬೆಳಿಗ್ಗೆ ಆ ಕಡೆ ಹೋಗುವ ಬಸ್ಸು, ಸಂಜೆ ನಾಲ್ಕೂವರೆಗೆ ತಿರುಗಿ ಬರುವ ಬಸ್ಸು ಎರಡೂ ಇದ್ದರೆ ಮಾತ್ರ ಯೋಚಿಸಿ. ಮಳೆಯಲ್ಲಿ ಒಂಬತ್ತು ವರ್ಷದ ಮಗು ರಸ್ತೆ ಬದಿ ಕಾಯಬಾರದು. ಪರೀಕ್ಷೆ 5ರಲ್ಲಿರುವಾಗ, ಎರಡು ಗಂಟೆ, 80 ಪ್ರಶ್ನೆ, 100 ಅಂಕ: ಮಾನಸಿಕ ಸಾಮರ್ಥ್ಯ 50, ಗಣಿತ 25, ಭಾಷೆ 25. ಕನ್ನಡದಲ್ಲೇ ಬರೆಯಬಹುದು. 5ನೇ ತರಗತಿ ಕೊಡಗು ಜಿಲ್ಲೆಯಲ್ಲೇ ಓದುತ್ತಿರಬೇಕು.

ಮಹದೇವಪೇಟೆಯ ತಾಯಿ

ಕೇಂದ್ರೀಯ ವಿದ್ಯಾಲಯದ ಬಗ್ಗೆಯೂ ಜನ ಹೇಳುತ್ತಾರೆ, ಅದಕ್ಕೆ ಚಿಕ್ಕದಾಗಿ. ಅಲ್ಲಿ ವಯಸ್ಸಿನ ಲೆಕ್ಕ ಮಾರ್ಚ್ 31ಕ್ಕೆ, ಜೂನ್ 1ಕ್ಕಲ್ಲ. ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಮೊದಲ ಆದ್ಯತೆ, ರಾಜ್ಯ ನೌಕರರು ನಂತರ, ಉಳಿದವರು ಕೊನೆಗೆ. ಸೀಟಿನಲ್ಲಿ ಕಾಲು ಭಾಗ ಆರ್‌ಟಿಇ ಅಡಿಯಲ್ಲಿ ಲಾಟರಿ ಮೂಲಕ. ಆನ್‌ಲೈನ್ ಅರ್ಜಿಯ ಕಾಲ ಸರ್ಕಾರಿ ಶಾಲೆಗಳ ದಾಖಲಾತಿಗಿಂತ ಮೊದಲೇ ಮುಗಿಯುತ್ತದೆ. ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ.

ದಾರಿಯನ್ನು ಒಂದು ಸಾರಿ ಮಗಳ ಜೊತೆ ನಡೆದು ನೋಡಿ, ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ಸಂಜೆ ಶಾಲೆ ಬಿಡುವಾಗ ಒಮ್ಮೆ. ನಕ್ಷೆಯಲ್ಲಿ 600 ಮೀಟರ್ ಎಂದು ಕಾಣುವುದು ಮಡಿಕೇರಿಯಲ್ಲಿ ಪಾಚಿ ಹಿಡಿದ ಮೆಟ್ಟಿಲು ಆಗಿರುತ್ತದೆ. ಬೂಟಿಗಿಂತ ಹಿಡಿತ ಇರುವ ರಬ್ಬರ್ ಚಪ್ಪಲಿ ಮಳೆಗಾಲಕ್ಕೆ ಒಳ್ಳೆಯದು, ಬಿಡುತ್ತಾರಾ ಎಂದು ಶಾಲೆಯಲ್ಲಿ ಕೇಳಿ. ಬಹಳ ಕಡೆ ಬಿಡುತ್ತಾರೆ. ಶನಿವಾರ ಶಾಲೆ ಬೇಗ ಬಿಡುತ್ತದೆ, ಅದೇ ಹೊತ್ತಿಗೆ ಪ್ರವಾಸಿಗರ ಗಾಡಿಗಳು ಪೇಟೆಗೆ ನುಗ್ಗುತ್ತವೆ. ಶನಿವಾರ ಮಾತ್ರ ದೊಡ್ಡವರು ಹೋಗಿ ಕರೆದುಕೊಂಡು ಬರುವಂತೆ ಮಾಡಿಕೊಳ್ಳಿ.

ಸರ್ಕಾರ ಕೊಡುವ ಎರಡು ಜೊತೆ ಸಮವಸ್ತ್ರ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ಗೆ ಸಾಲುವುದಿಲ್ಲ, ಒಣಗುವುದೇ ಇಲ್ಲ. ಅದೇ ಬಣ್ಣದ ಬಟ್ಟೆ ತಂದು ಮೂರನೆಯದು ಹೊಲಿಸಿಡಿ.

ಮಳೆ ರಜೆಯ ಆದೇಶ ಜಿಲ್ಲಾಧಿಕಾರಿಗಳಿಂದ ಹಿಂದಿನ ರಾತ್ರಿಯೋ ಬೆಳಗ್ಗೆಯೋ ಬರುತ್ತದೆ. ಅದು ಪೋಷಕರಿಗೆ ಎಷ್ಟು ಗಂಟೆಗೆ ತಲುಪುತ್ತದೆ, ತಪ್ಪಿದ ದಿನಗಳನ್ನು ಶನಿವಾರ ಮಧ್ಯಾಹ್ನ ತುಂಬಿಸುತ್ತಾರಾ ಎಂದು ಮೂರೂ ಶಾಲೆಯ ಪೋಷಕರನ್ನು ಕೇಳಿ. ಆರ್‌ಟಿಇ ಕಾಯ್ದೆಯಂತೆ 1ರಿಂದ 5ಕ್ಕೆ ವರ್ಷಕ್ಕೆ 200 ದಿನ, 800 ಗಂಟೆ; 6ರಿಂದ 8ಕ್ಕೆ 220 ದಿನ, 1,000 ಗಂಟೆ ಪಾಠ ಆಗಬೇಕು. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ರಜೆಗಳೂ ಸೇರಿ ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕ ಬಿಗಿಯಾಗಿರುತ್ತದೆ. ತುಂಬಿಸುವ ಶಾಲೆಗೂ ಸುಮ್ಮನೆ ಬಿಡುವ ಶಾಲೆಗೂ ಮಾರ್ಚ್‌ನಲ್ಲಿ ಪಾಠ ಎಲ್ಲಿಗೆ ಬಂದಿದೆ ಎಂಬುದರಲ್ಲೇ ವ್ಯತ್ಯಾಸ ಕಾಣುತ್ತದೆ.

ಕಚೇರಿ ಕೆಲಸ ಗೊತ್ತಿರುವವರು

ಕಾಗದಪತ್ರ. ಮಗಳಿಗೆ ಜನನ ಪ್ರಮಾಣಪತ್ರ, ಆಧಾರ್, ತಂದೆತಾಯಿಯ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಫೋಟೋ. ಜಾತಿ, ಆದಾಯದ್ದು ನಾಡಕಚೇರಿಯಲ್ಲಿ ಈಗಲೇ ಮಾಡಿಸಿ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿಗೆ ಅದೇ ಬೇಕು. ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವ ಹಾಗಿಲ್ಲ, ಕಾಯ್ದೆಯ 14ನೇ ಕಲಂ.

ಹೆಸರಿನ ವಿಷಯದಲ್ಲಿ ಕೊಡಗಿನಲ್ಲಿ ವಿಶೇಷ ಎಚ್ಚರ ಬೇಕು. ಜನನ ಪ್ರಮಾಣಪತ್ರದಲ್ಲಿ ಮನೆಹೆಸರು ಇರುವುದಿಲ್ಲ, ಆಧಾರ್‌ನಲ್ಲಿ ಮನೆಹೆಸರು ಮುಂದೆ ಇರುತ್ತದೆ, ಶಾಲೆಯಲ್ಲಿ ಇನಿಷಿಯಲ್ ಹಾಕುತ್ತಾರೆ. ಮೂರೂ ಮೂರು ತರ. 1ನೇ ತರಗತಿಯಲ್ಲಿ ಎಸ್‌ಎಟಿಎಸ್‌ಗೆ ಹೋದ ಹೆಸರೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ತನಕ ಹೋಗುತ್ತದೆ, ಆಮೇಲೆ ತಿದ್ದಲು ಬಹಳ ಅಲೆದಾಟ. ಸೇರಿಸುವ ಮೊದಲೇ ಆಧಾರ್ ಮತ್ತು ಜನನ ಪ್ರಮಾಣಪತ್ರವನ್ನು ಒಂದೇ ಅಕ್ಷರಕ್ಕೆ ತನ್ನಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ನಮೂದಾದ ಮೇಲೆ ಪ್ರಿಂಟ್ ತೆಗೆಸಿ ಓದಿ ನೋಡಿ.

ಮಗನಿಗೆ ಟಿ.ಸಿ. ಬೇಕು. ಹೊಸ ಶಾಲೆಯಿಂದ ಎಸ್‌ಎಟಿಎಸ್ ಮೂಲಕ ಕೋರಿಕೆ ಹೋಗುತ್ತದೆ, ಹಳೇ ಶಾಲೆ ಅದನ್ನು ಒಪ್ಪಿಕೊಳ್ಳಬೇಕು. ಏಪ್ರಿಲ್‌ನಲ್ಲಿ ಶಾಲೆ ಮುಚ್ಚುವ ಮೊದಲು ಹಳೇ ಮುಖ್ಯ ಶಿಕ್ಷಕರಿಗೆ ಹೇಳಿಟ್ಟು, ಮಗನ ಎಸ್‌ಎಟಿಎಸ್ ಸಂಖ್ಯೆ ಬರೆದುಕೊಳ್ಳಿ. ಬೇಸಿಗೆ ರಜೆಯಲ್ಲಿ ಕೋರಿಕೆ ಅಲ್ಲೇ ಬಾಕಿ ಉಳಿಯುವುದು ಸಾಮಾನ್ಯ. ಟಿ.ಸಿ. ತಡವಾಯಿತು ಎಂದು ಹೊಸ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ, ಅದು 5ನೇ ಕಲಂ. ತೊಂದರೆಯಾದರೆ ಮೊದಲು ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹೇಳಿ, ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರಹದಲ್ಲಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರು

ನವೋದಯದ ವಿಷಯ ಗೊತ್ತೇ ಇರಲಿಲ್ಲ. ಹಾಗಾದರೆ ಇಬ್ಬರಿಗೂ ಬೇರೆ ಬೇರೆ ಶಾಲೆ ಆದರೆ ತೊಂದರೆಯಾ? ಮೊದಲ ಭೇಟಿಗೆ ಯಾವ ದಿನ ಹೋಗಲಿ?

ಎಸ್‌ಡಿಎಂಸಿ ಸದಸ್ಯ

ಬೇರೆ ಶಾಲೆಯಾದರೆ ತೊಂದರೆ ಓದಿನದ್ದಲ್ಲ, ಸಂಜೆಯದ್ದು. ಎರಡು ಕಡೆ ಒಂದೇ ಹೊತ್ತಿಗೆ ಬಿಡುತ್ತಾರೆ, ಕರೆದುಕೊಂಡು ಬರುವವರು ಇಬ್ಬರು ಬೇಕು. ಅದು ಆಗುತ್ತದೆ ಎಂದಾದರೆ ಮಗಳು ಹತ್ತಿರದ ಶಾಲೆ, ಮಗ ಪಂಚಾಯಿತಿ ಶಾಲೆ, ಎರಡು ವರ್ಷಕ್ಕೆ. ಆಗದಿದ್ದರೆ ಇಬ್ಬರೂ ಎರಡನೆಯ ಶಾಲೆ.

ಭೇಟಿಗೆ ಸೋಮವಾರ ಬೇಡ, ಹಾಜರಾತಿ ಕಡಿಮೆ. ಮಂಗಳವಾರ ಅಥವಾ ಬುಧವಾರ, ಬೆಳಿಗ್ಗೆ ಹನ್ನೊಂದೂವರೆಗೆ ಹೋದರೆ ಒಂದು ಪಾಠ, ಊಟ ಎರಡೂ ನೋಡಿ ಬರಬಹುದು. ಮುಖ್ಯ ಶಿಕ್ಷಕರಿಗೆ ಹಿಂದಿನ ದಿನ ಫೋನ್ ಮಾಡಿ, ಅವರಿಗೂ ಕ್ಲಾಸ್ ಇರುತ್ತದೆ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರುತ್ತಾರೆ, ಅರ್ಧ ಜನ ಹೆಂಗಸರು. ಅವರಲ್ಲಿ ಒಬ್ಬರ ಹತ್ತಿರ ಕಳೆದ ಸಭೆ ಯಾವಾಗ ಆಯಿತು, ಏನು ತೀರ್ಮಾನ ಆಯಿತು ಎಂದು ಕೇಳಿ ಬನ್ನಿ. ಮಗಳನ್ನೂ ಜೊತೆಗೆ ಕರೆತನ್ನಿ ಅಣ್ಣ, ಕೊಡೆ ಮರೆಯಬೇಡಿ.